ಬೆಲೆ ಕಟ್ಟುವವನು ಬಂದ ಬೆಳಗ್ಗೆ

ನೈಲಾಳ ಅರ್ಧ ತಲೆ ಮುಗಿದಿತ್ತು. ಎಡಗಡೆ ಸಣ್ಣ ಜಡೆಗಳು ನೆತ್ತಿಗೆ ಅಂಟಿಕೊಂಡು ಸಾಲಾಗಿ ಕೂತಿದ್ದವು. ಬಲಗಡೆಯ ಕೂದಲು ಇನ್ನೂ ಮೋಡದ ಹಾಗೆ ಬಿಚ್ಚಿಕೊಂಡಿತ್ತು. ಅಡುಗೆಮನೆಯ ನೆಲಕ್ಕೆ ದಿಂಬು ಹಾಕಿ, ಅಮ್ಮನ ಮೊಣಕಾಲುಗಳ ನಡುವೆ ಅವಳು ಕೂತಿದ್ದಳು. ರೊಶೆಲ್ ಬಾಚಣಿಗೆಯ ಬಾಲದಿಂದ ಇನ್ನೊಂದು ಬೈತಲೆ ಎಳೆಯುವಷ್ಟರಲ್ಲಿ ಹೈಡಿ ಬಾಗಿಲು ತಟ್ಟದೆ ಒಳಗೆ ಬಂದಳು. ಕೈಯಲ್ಲಿ ದೊಡ್ಡ ರಟ್ಟಿನ ಪೆಟ್ಟಿಗೆ.

"ಬೇಗ ಏಳೇ. ಬೆಲೆ ಕಟ್ಟೋನು ಈಗಷ್ಟೇ ನನಗೆ ಫೋನ್ ಮಾಡಿದ್ದ. ಮಧ್ಯಾಹ್ನ ಅಲ್ಲ, ಇನ್ನರ್ಧ ಗಂಟೇಲಿ ಬರ್ತಾನಂತೆ."

"ಇವಳ ತಲೆ ಇನ್ನೂ ಆಗಿಲ್ವಲ್ಲೇ!"

"ಟೋಪಿ ಹಾಕು."

ರೊಶೆಲ್‌ಳ ತೀರಿಹೋದ ಅಪ್ಪ ಬಿಟ್ಟುಹೋದ ಮನೆ ಅದು. ರೊಶೆಲ್‌ಳ ತಮ್ಮ ಡಾರ್ನೆಲ್ ತನ್ನ ಪಾಲು ಕೇಳಿದ್ದ. ಬ್ಯಾಂಕು ಸಾಲ ಕೊಟ್ಟರೆ ಅವನಿಗೆ ಪಾಲು, ಕೊಡದಿದ್ದರೆ ಮನೆ ಮಾರಾಟಕ್ಕೆ. ಹಿಂದಿನ ತಿಂಗಳು ಬ್ಯಾಂಕಿನ ಪರವಾಗಿ ಮನೆಗೆ ಬೆಲೆ ಕಟ್ಟಲು ಬಂದವನು ಸೋಫಾದಲ್ಲಿ ಕೂತಿದ್ದ ಅಜ್ಜಿಯನ್ನು ನೋಡಿದ, ಗೋಡೆ ತುಂಬ ಇದ್ದ ಫೋಟೋಗಳ ಕಪ್ಪು ಮುಖಗಳನ್ನು ನೋಡಿದ, ಹತ್ತು ನಿಮಿಷದಲ್ಲಿ ಹೊರಟುಹೋದ. ಅವನು ಕಟ್ಟಿದ್ದು, ಎರಡು ಬೀದಿ ಆಚೆ ಬಿಳಿಯರಿರುವ ಇಂಥದ್ದೇ ಮನೆಯ ಅರ್ಧ ಬೆಲೆ. ಬ್ಯಾಂಕು ಆಗಲ್ಲ ಅಂದಿತು. ಈಗ ಇನ್ನೊಂದು ಬ್ಯಾಂಕು, ಇನ್ನೊಬ್ಬ ಮನುಷ್ಯ. ಇದೂ ಹೋದರೆ ಮನೆ ಹೋದಂತೆಯೇ. ಚರ್ಚಿನಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು ಹೇಳಿದ್ದರು: ಫೋಟೋ ಎಲ್ಲ ಇಳಿಸು, ನೀವ್ಯಾರೂ ಮನೆಯಲ್ಲಿರಬೇಡಿ, ಬಿಳಿ ಸ್ನೇಹಿತೆ ಒಬ್ಬಳನ್ನು ಮನೆಯೊಡತಿ ಅಂತ ನಿಲ್ಲಿಸು. ಮಗುವಿನ ನೆಗಡಿಗೆ ಮನೆಮದ್ದು ಹೇಳುವಷ್ಟೇ ಸಲೀಸಾಗಿ ಹೇಳಿದ್ದರು. ಹಲ್ಲಿನ ಆಸ್ಪತ್ರೆಯಲ್ಲಿ ರೊಶೆಲ್ ಜೊತೆ ಕೆಲಸ ಮಾಡುವ ಹೈಡಿ ಕೇಳಿದ ಕೂಡಲೇ ಒಪ್ಪಿಕೊಂಡಿದ್ದಳು.

ಒಪ್ಪದವಳು ಅಜ್ಜಿ ಅರ್ನೆಸ್ಟೀನ್. ಗಂಡನ ದೊಡ್ಡ ಫೋಟೋವನ್ನು ಗೋಡೆಯಿಂದ ಇಳಿಸಲು ಬಂದ ಮಗಳ ಕೈ ತಡೆದಳು.

"ಈ ಬೀದೀಲಿ ನಮ್ಮಂಥವರಿಗೆ ಮನೆ ಇಲ್ಲ ಅಂದೋರ ಎದುರು ನಿಂತು ನಿಮ್ಮಪ್ಪ ತಗೊಂಡ ಮನೆ ಕಣೇ ಇದು. ಈಗ ಅವರನ್ನ ಮಂಚದ ಕೆಳಗೆ ತಳ್ತೀಯಾ?"

"ತಳ್ಳದಿದ್ರೆ ಮಂಚ ಹಾಕೋಕೂ ಜಾಗ ಇರಲ್ಲಮ್ಮ."

"ಈ ನಾಟಕ ಆಡಿದ್ರೆ ಆ ಜನ ಹೇಳಿದ್ದೇ ಸರಿ ಅಂತ ನಾವೇ ಒಪ್ಪಿಕೊಂಡ ಹಾಗೆ."

"ಹೋದ ಸಲ ನಾಟಕ ಆಡಲಿಲ್ವಲ್ಲ. ಏನು ಸಿಕ್ತು?"

ಅರ್ನೆಸ್ಟೀನ್ ಮಗಳ ಕೈ ಬಿಟ್ಟಳು. "ಸರಿ, ನೀನೇ ಗೆದ್ದೆ. ನಿನ್ನ ಮುಖ ಮಾತ್ರ ಗೆದ್ದವಳ ಹಾಗೆ ಕಾಣ್ತಿಲ್ಲ." ಫೋಟೋವನ್ನು ತಾನೇ ಇಳಿಸಿ, ಶಾಲಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡಂತೆ ಎದೆಗೆ ಅವುಚಿಕೊಂಡು ಹಿತ್ತಿಲ ಬಾಗಿಲಿನಿಂದ ಪಕ್ಕದ ಮನೆಗೆ ಹೊರಟಳು.

ಹೈಡಿಯ ಪೆಟ್ಟಿಗೆಯಿಂದ ಹೈಡಿಯ ಸಂಸಾರ ಒಂದೊಂದೇ ಫೋಟೋ ಆಗಿ ಹೊರಬಂತು. ಹಿಮದಲ್ಲಿ ನಗುವ ಮಕ್ಕಳು, ದೋಣಿಯಲ್ಲಿ ಗಂಡ. "ಇವನ ಮೀಸೆ ನೋಡಿದ್ರೆ ಬೆಲೆ ಇಳಿದೀತು ಕಣೇ, ಇವನು ಬಚ್ಚಲ ಹತ್ರ ಇರ್ಲಿ," ಅಂದಳು. ರೊಶೆಲ್ ನಕ್ಕಳು. ನಗುತ್ತಲೇ ನೈಲಾಳ ಕಪ್ಪು ಗೊಂಬೆಗಳನ್ನು, ಕೂದಲಿಗೆ ಹಚ್ಚುವ ಎಣ್ಣೆ, ಕ್ರೀಮಿನ ಡಬ್ಬಿಗಳನ್ನು, ಕಪ್ಪು ನಾಯಕರ ಚಿತ್ರವಿರುವ ಚರ್ಚಿನ ಬೀಸಣಿಗೆಗಳನ್ನು ಒಂದು ಚೀಲಕ್ಕೆ ತುಂಬಿದಳು. ನೈಲಾ ಏನೋ ಕೇಳಲು ಬಾಯಿ ತೆರೆದಳು.

"ಈಗ ಏನೂ ಕೇಳಬೇಡ ಕಂದ. ನಡಿ, ಕಾರು ಹತ್ತು."

ಚೀಲ ಹಿಡಿದು ಮುಂಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಅವನು ನಿಂತಿದ್ದ. ನಸುಗೆಂಪು ಮುಖದ, ಮೃದು ಮಾತಿನ ಮನುಷ್ಯ.

"ಕ್ಷಮಿಸಿ, ಇನ್ನೂ ಬೇಗ ಬಂದ್ಬಿಟ್ಟೆ. ಮನೆಯವರು ಇದ್ದಾರಾ?"

ಹಿಂದಿನಿಂದ ಹೈಡಿ, "ನಾನೇ, ಬನ್ನಿ ಬನ್ನಿ," ಅಂದಳು. ಅವನು ರೊಶೆಲ್‌ಳ ಕೈಯ ಚೀಲ ನೋಡಿದ, ದಾರಿ ಬಿಟ್ಟ. "ಕಸ ಹಾಕೋಕೆ ಹೊರಟ್ರಾ? ನನ್ನಿಂದ ನಿಮ್ಮ ಕೆಲಸ ನಿಲ್ಲೋದು ಬೇಡ."

ಹೊರಟುಹೋಗಬಹುದಿತ್ತು. ಆದರೆ ಈ ಮನೆಯ ಬಗ್ಗೆ ಹೈಡಿಗೆ ಏನು ಗೊತ್ತು? ರೊಶೆಲ್ ಚೀಲವನ್ನು ಬಾಗಿಲ ಬಳಿ ಇಟ್ಟು, ನೈಲಾಳ ಕೈ ಹಿಡಿದು ಒಳಗೆ ಹೋಗಿ, ಒರೆಸಿ ಇಟ್ಟಿದ್ದ ಅಡುಗೆಮನೆಯ ಕಟ್ಟೆಯನ್ನೇ ಮತ್ತೆ ಒರೆಸತೊಡಗಿದಳು. ಅವನು ಕೋಣೆ ಕೋಣೆ ಅಳೆದ. ನೀರು ಕಾಯಿಸುವ ಹಂಡೆ ಎಲ್ಲಿದೆ ಅಂತ ಕೇಳಿದ. ಹೈಡಿ ರೊಶೆಲ್ ಕಡೆ ನೋಡಿದಳು.

"ಕೆಳಗೆ, ಮೆಟ್ಟಿಲ ಹಿಂದೆ, ಮ್ಯಾಡಮ್. ಹೋದ ವರ್ಷ ಹೊಸದು ಹಾಕಿಸಿದ್ರಲ್ಲ, ಮರೆತ್ರಾ?"

"ನೋಡಿ, ಮನೆ ನಿಮಗಿಂತ ಇವರಿಗೇ ಚೆನ್ನಾಗಿ ಗೊತ್ತು!" ಅವನು ನಕ್ಕ. ಹೈಡಿಯೂ ನಗಬೇಕಾಯಿತು.

ಹೋಗುವ ಮುಂಚೆ ಅವನು ನೈಲಾಳ ಮುಂದೆ ಬಗ್ಗಿ, ಟೋಪಿಯಿಂದ ಹೊರಚಾಚಿದ ಕೂದಲು ನೋಡಿ ಪ್ರೀತಿಯಿಂದಲೇ ಕೇಳಿದ: "ಏನು ಪುಟ್ಟಿ, ನೀನೂ ಅಮ್ಮನ ಜೊತೆ ಕೆಲಸಕ್ಕೆ ಬಂದಿದ್ದೀಯಾ?"

ನೈಲಾ ಅಮ್ಮನನ್ನು ನೋಡಿದಳು. ಮಹಡಿಯ ಮೇಲಿನ ಕೋಣೆ ಅವಳದು. ಅವಳ ನೀಲಿ ಚಾದರ ಈಗಲೂ ಅಲ್ಲೇ ಹಾಸಿತ್ತು.

"ಹೌದು ಸಾರ್," ಅಂದಳು ರೊಶೆಲ್. "ಶನಿವಾರ ನೋಡಿ, ಸ್ಕೂಲಿಲ್ಲ."

ಅವನು ಹೈಡಿಯ ಕೈ ಕುಲುಕಿದ. "ತುಂಬ ಚೆನ್ನಾಗಿ ಇಟ್ಟುಕೊಂಡಿದ್ದೀರಿ. ಬೆಲೆ ಬಗ್ಗೆ ಚಿಂತೆ ಬೇಡ."

ಅವನ ಕಾರು ತಿರುವು ದಾಟಿದ ಮೇಲೆ ಹೈಡಿ ಕುರ್ಚಿಯಲ್ಲಿ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. "ನನಗೆ ಎಷ್ಟು ನಾಚಿಕೆ ಆಯ್ತು ಗೊತ್ತಾ? ನಿನ್ನ ಬಾಯಲ್ಲಿ ಮ್ಯಾಡಮ್ ಅನ್ನಿಸಿಕೊಂಡು..." ರೊಶೆಲ್ ಅವಳ ಬೆನ್ನು ಸವರಿದಳು, ನೀರು ಕೊಟ್ಟಳು, ಬಿಡು, ಕೆಲಸ ಆಯ್ತಲ್ಲ ಅಂದಳು. ಕಾಫಿಗೆ ನೀರನ್ನೂ ಇಟ್ಟಳು. ಹೈಡಿಯ ಅಳು ನಿಲ್ಲುವವರೆಗೆ ತನ್ನ ಕೈಗೂ ಒಂದು ಕೆಲಸ ಬೇಕಿತ್ತು.

ನೈಲಾ ಮೇಜಿನ ಆಚೆ ನಿಂತು ಇಬ್ಬರನ್ನೂ ನೋಡುತ್ತಿದ್ದಳು. ಎಂಟು ವರ್ಷದ ಮುಖದಲ್ಲಿ ಸಿಟ್ಟಿರಲಿಲ್ಲ. ದೂರದ ಊರಿಗೆ ಹೋಗುವಾಗ ಏನೇನು ತಗೊಂಡು ಹೋಗಬೇಕೆಂದು ಲೆಕ್ಕ ಹಾಕುವವರ ಹಾಗಿತ್ತು ಅದು.

"ಈಗ ಕೇಳಬಹುದಾ?"

"ಕೇಳು ಕಂದ."

"ಅಮ್ಮಾ, ನಾನು ದೊಡ್ಡವಳಾದ ಮೇಲೆ, ನಂಗೂ ಒಬ್ರು ಹೈಡಿ ಆಂಟಿ ಬೇಕಾಗ್ತಾರಾ?"