ಎಲೆಯ ಮೇಲಿನ ಕಾವು

ಕತ್ತಿನ ಹಿಂದೆ ಬಂಗಾರ, ಬಿಸಿಲಲ್ಲ, ಹಕ್ಕಿಯೇ, ಜಗದಾಂಬ ದುರ್ಬೀನನ್ನು ಕಣ್ಣಿಗೊತ್ತಿಕೊಂಡಳು, ಬಿಳಿ ರೆಕ್ಕೆ, ಬಾಗಿದ ಉದ್ದ ಬಾಲ, ತಾವರೆ ಎಲೆಯ ಮೇಲೆ ಅಲುಗದೆ ಕೂತಿದೆ, ಮೈಸೂರಿನ ಕೆರೆಗಳನ್ನೆಲ್ಲ ಸುತ್ತಿಯೂ ಇದನ್ನು ಕಾಣದೆಯೇ ಅಪ್ಪ ಹೋಗಿಬಿಟ್ಟರು, ದುರ್ಬೀನು ಅವರದೇ, ಗಂಡೇ ಕಾವು ಕೂರುತ್ತೆ ಜಗ್ಗೂ, ಎಲೆಯೇ ಅದರ ಗೂಡು ಎನ್ನುತ್ತಿದ್ದರು — ಎಲೆ, ಆ ಮೂಲೆಯಲ್ಲಿ ಎಲೆ ಅಗಲವಾಗಿವೆ ಎಂದು ನಿನ್ನೆ ಹೇಳಿದವಳು ತಾನೇ ಅಲ್ಲವೆ, ಪಟ್ಟನಾಯಕನಹಳ್ಳಿ ಮಠದಲ್ಲಿ ನಾಳೆ ಊಟ, ನಿನ್ನ ಸೊಸೆ ಅವರಪ್ಪನ ಕೊಳವೇಲಿ ದಿನಾ ಕೆರೆ ನೋಡ್ತಾಳಲ್ಲ, ಎಲೆ ಎಲ್ಲಿ ಚೆಂದಾಗವೆ ಕೇಳು ಎಂದು ಮಾವ ಅತ್ತೆಯನ್ನು ಕೇಳಿದರು, ಅತ್ತೆ ಇವಳನ್ನು, ಮಾವನ ಎದುರು ಸೊಸೆ ಬಾಯಿ ತೆರೆಯುವ ಮನೆಯಲ್ಲ, ಆದರೂ ತನ್ನನ್ನು ಕೇಳಿದರಲ್ಲ ಎಂದು ನಿನ್ನೆಯೆಲ್ಲ ಹಿಗ್ಗು, ಈಗ ಆ ಹಿಗ್ಗೇ ತೆಪ್ಪವಾಗಿ ಅಲ್ಲಿಗೆ ಹೊರಟಿದೆ, ತೆಪ್ಪದಲ್ಲಿ ಕೆಂಪಯ್ಯ, ಕೈಯಲ್ಲಿ ಕುಡುಗೋಲು, ಸೊಸೆಮ್ಮನೋರು ಹೇಳಿದ್ದು ದಿಟ ಕಣಯ್ಯ, ಇಲ್ಲಿನ ಎಲೇಲಿ ಆನೆಗೂ ಉಣ್ಣಾಕಿಕ್ಬೌದು, ಏರಿಯ ಮೇಲೆ ಎಲೆ ಕಟ್ಟುವವರೆಲ್ಲ ನಗುತ್ತಾರೆ, ಛತ್ರಿ ಹಿಡಿದು ತನಗಿಂತ ಎರಡು ಹೆಜ್ಜೆ ಮುಂದೆ ನಿಂತ ಮಾವನೂ ನಗುತ್ತಾರೆ, ಅತ್ತೆ ಮನೆಯಲ್ಲಿ, ಯಾರ ಕೈಲಿ ಹೇಳಿಸುವುದು, ಕೂಗಿದರೆ ಮಗಳಿಗೆ ಕಾಲೇಜು ಓದಿಸಿದ್ದಕ್ಕೆ ಇದು ಎಂದು ಅಪ್ಪನಿಗೇ ಮಾತು ಬರುತ್ತದೆ, ದುರ್ಬೀನಿನ ಕೊಳವೆಯಲ್ಲಿ ಬಂಗಾರದ ಕತ್ತು, ಏಳಬಾರದೆ, ಹಾರಬಾರದೆ, ಹಾರಿದರೂ ಮೊಟ್ಟೆ ಹಾರುತ್ತದೆಯೆ, ಕೆಂಪಯ್ಯ ಪಕ್ಕದ ಎಲೆಯ ದಂಟು ಕೊಯ್ದ, ಅದರ ಪಕ್ಕದ್ದು, ನೀರಲ್ಲಿ ಕೈ ಮುಳುಗಿಸಿ ಮುಂದಿನ ದಂಟು ತಡಕುತ್ತಾನೆ, ಹಕ್ಕಿ ಅವನಿಗೆ ಕಾಣುತ್ತಿಲ್ಲ, ನಡುವೆ ಎತ್ತರದ ಎಲೆಯೊಂದು ಮರೆ, ಮಾವಾ — ಯಾರ ಗಂಟಲು ಅದು, ತನ್ನದೇ, ಮಾವಾ, ಆ ಮೂಲೆ ಬೇಡ, ಅಲ್ಲಿ ಹಕ್ಕಿ ಕಾವು ಕೂತಿದೆ, ನಗು ನಿಂತಿತು, ಎಲ್ಲರ ಮುಖ ಇತ್ತ, ಮಾವ ಮಾತ್ರ ತಿರುಗಲಿಲ್ಲ, ಛತ್ರಿಯನ್ನು ಮೆಲ್ಲಗೆ ಹೆಗಲ ಹಿಂದಕ್ಕೆ ಓರೆ ಮಾಡಿದರು, ಜನರ ಕಣ್ಣಿಗೂ ಅವಳಿಗೂ ನಡುವೆ ಕಪ್ಪು ಬಟ್ಟೆಯ ಮರೆ, ಲೇ ಕೆಂಪಯ್ಯ, ಆ ಮೂಲೆ ಬುಟ್ಬುಡ್ಲಾ, ಯಾಕಯ್ಯ, ಎಲೆ ಸಾಲಲ್ವಲ್ಲ, ಬುಡು ಅಂದ್ನಲ್ಲ, ಮುತ್ತುಗದೆಲೆ ಕುಯ್ಸಿದ್ರಾಯ್ತು, ಗೊಣಗುತ್ತ ಕೆಂಪಯ್ಯ ಗಳ ಊರಿ ತೆಪ್ಪ ತಿರುಗಿಸಿದ, ತಿರುಗಿದ ರಭಸಕ್ಕೆ ಎದ್ದ ಅಲೆ ಅತ್ತಲೇ ಹೋಗುತ್ತಿದೆ, ಒಂದೊಂದೇ ಎಲೆಯನ್ನು ಎತ್ತಿ ಇಳಿಸುತ್ತ, ಇದನ್ನು ಯಾವ ಮಾವ ತಡೆಯಬಲ್ಲರು, ದುರ್ಬೀನನ್ನು ಮತ್ತೆ ಕಣ್ಣಿಗೊತ್ತಿಕೊಂಡಳು, ಎಲೆ ಏಳುತ್ತದೆ, ಓರೆಯಾಗುತ್ತದೆ, ಅಂಚಿನಿಂದ ನೀರು ಒಳಕ್ಕೆ, ಹಕ್ಕಿ ರೆಕ್ಕೆಗಳನ್ನು ಮೊಟ್ಟೆಗಳ ಕೆಳಗೆ ತೂರಿಸಿ ಎದೆಗವಚಿಕೊಂಡು, ಏಳದೆ, ಬಂಗಾರದ ಕತ್ತು, ಬಗ್ಗಿದ ಬಂಗಾರದ ಕತ್ತು —