ಮೊನಾರ್ಕಿಯಾ ಮದುವೆ ಕುರ್ಚಿಗಳು

ಗಾಂಧಿ ಗಂಜ್ ಪೇಟೆಯಲ್ಲಿ ನನ್ನ ಬೇಳೆ ಅಂಗಡಿಯ ಎದುರಿಗೆ ಲಾಲ ಅಹ್ಮದ ಮದುವೆ ಕುರ್ಚಿಗಳನ್ನು ಬಾಡಿಗೆಗೆ ಕೊಡುತ್ತಾನೆ. ಅವರಲ್ಲಿ ಮದುಮಗನಿಗೆ ನೌಶಾ, ಅಂದರೆ ಹೊಸ ಬಾದಶಹ, ಅನ್ನುವುದು ವಾಡಿಕೆ. ಅದಕ್ಕೇ ಗಂಡಿನ ಕುರ್ಚಿ ಎತ್ತರ, ಹೆಣ್ಣಿನದು ಒಂದು ಗೇಣು ಗಿಡ್ಡ. ಅವನಜ್ಜನ ಕಾಲದಿಂದಲೂ ಹೀಗೇ. ಈ ಗೇಣಿನ ಲೆಕ್ಕ ನನಗೆಂದೂ ಸೇರಿದ್ದಿಲ್ಲ. ಆದರೆ ಬೇಳೆ ಮಾರುವವನನ್ನು ಕೇಳುವವರು ಯಾರು?

ಈ ವರ್ಷ ಮಂಡಿನೋವು ಹೆಚ್ಚಾಗಿ, ಲಾಲ ಅಹ್ಮದ ತನ್ನ ಅಂಗಡಿಯನ್ನು ಹಿರಿಯ ಅಳಿಯ ಅಜರನಿಗೆ ಒಪ್ಪಿಸಲು ಹೊರಟ. ಕಿರಿಯ ಮಗಳು ಜೇಬಾ ತನಗೇ ಬೇಕೆಂದು ಹಟ ಹಿಡಿದಳು.

"ಒಂದು ಮದುವಿ ಗಿರಾಕಿ ನೀನೇ ಹಿಡದು ತೋರಸು, ಅಂಗಡಿ ನಿಂದು," ಅಂದ ಅವಳಪ್ಪ, ಸಿಟ್ಟಿನಿಂದ.

ಮೊಬೈಲಿನಲ್ಲಿ ಸ್ಪ್ಯಾನಿಷ್ ಕಲಿಯುವ ಹುಚ್ಚು ಅವಳಿಗೆ. ಮರುದಿನವೇ ಬೋರ್ಡು ಬರೆಸಿದಳು: ಮೊನಾರ್ಕಿಯಾ. ಸ್ಪೇನ್, ಪೋರ್ಚುಗಲ್, ಇಟಲಿ ಎಲ್ಲ ಕಡೆ ರಾಜರ ಆಳ್ವಿಕೆಗೆ ಹೆಚ್ಚುಕಡಿಮೆ ಇದೇ ಪದವಂತೆ. ಕೋಟೆಯಿರುವ ನಮ್ಮ ಊರಿನಲ್ಲಿ ಇಂಥ ಹೆಸರು ನಡೆಯದೇ ಇದ್ದೀತೇ ಎಂದು ಅವಳ ಅಂದಾಜು.

ಮೊದಲು ಬಂದ ಗಿರಾಕಿ ಖಟಕ ಚಿಂಚೋಳಿಯ ಶಿವಕಾಂತಾ. ಬಸವಣ್ಣನವರನ್ನು ನಂಬಿದ ಮನೆತನ. ಮಗಳ ಮದುವೆ ಗೊತ್ತಾಗಿತ್ತು.

"ಬೋರ್ಡಿನ ಅರ್ಥ ಏನವ್ವಾ?"

"ಒಬ್ಬರೇ ಆಳೋದ್ರಿ."

"ಹಂಗಾರ ನಮಗ ಬ್ಯಾಡ. ನಮ್ಮ ಮಂದ್ಯಾಗ ಗಂಡು ಹೆಣ್ಣು ಸರಿಸಮ. ಒಂದೇ ಎತ್ತರದ ಕುರ್ಚಿ ಇದ್ರ ಹೇಳು."

ಜೇಬಾಳ ಮುಖ ಸಪ್ಪಗಾಯಿತು.

"ನಾಳಿ ಬರ್ರಿ, ಇರ್ತಾವ," ಅಂದುಬಿಟ್ಟಳು.

ಮಧ್ಯಾಹ್ನ ಲಾಲ ಅಹ್ಮದ ನಮಾಜಿಗೆ ಹೋದದ್ದೇ ತಡ, ಗರಗಸದ ಸದ್ದು. ಅವನು ಮರಳುವಷ್ಟರಲ್ಲಿ ಬಾದಶಹನ ಕುರ್ಚಿಯ ಕಾಲಿನ ತುಂಡುಗಳು ನೆಲದ ಮೇಲಿದ್ದವು. ಮನೆಯಲ್ಲಿ ಉರ್ದು ಆಡುವ ಲಾಲ ಅಹ್ಮದ, ಸಿಟ್ಟು ಬಂದರೆ ಗಂಜಿಗೆಲ್ಲ ಕೇಳಲೆಂದು ಕನ್ನಡಕ್ಕೆ ಬರುತ್ತಾನೆ.

"ಯಾರನ್ನ ಕೇಳಿ ಕೊಯ್ದಿ? ನಮ್ಮ ಅಜ್ಜ ಮಾಡಿದ ಕುರ್ಚಿ ಇದು."

"ಮದುವಿ ಹಿಡದೀನಿ ಅಬ್ಬಾ, ಅವರಿಗೆ ಸರಿಸಮ ಬೇಕು. ಹೆಣ್ಣಿಂದು ಬೆಳಸಲಿಕ್ಕ ಬರಲಿಲ್ಲ. ಗಂಡಿಂದು ಇಳಸಿದೆ."

ನಗು ತಡೆಯಲಾರದೆ ನಾನು ತೊಗರಿ ಚೀಲಗಳ ಹಿಂದೆ ಸರಿದೆ. ಬೈಗುಳದ ಸುರಿಮಳೆ ಬಂದೀತೆಂದು ಕಾದು ಇಣುಕಿದೆ. ಅವನು ಆ ಕುರ್ಚಿಯ ಮೇಲೆ ಕೂತಿದ್ದ. ಅದು ಒಂದು ಮಗ್ಗುಲಿಗೆ ಓಲಾಡುತ್ತಿತ್ತು. ಹುಡುಗಿ ಸೊಟ್ಟ ಕೊಯ್ದಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. ಪಾಪ ಅನ್ನಿಸಿತು.

ಲಾಲ ಅಹ್ಮದ ಎದ್ದು ಕುರ್ಚಿಯನ್ನು ಬೋರಲು ಹಾಕಿದ. ಮಂಡಿ ಹಿಡಿದುಕೊಂಡು ನೆಲಕ್ಕೆ ಕೂತು, ಗರಗಸ ಕೈಗೆತ್ತಿಕೊಂಡ.

"ಈ ಕಾಲು ಇನ್ನ ಎಷ್ಟು ಕೊಯ್ಯಬೇಕು," ಎಂದು ಕೇಳಿದ, "ಹೇಳ್ರಿ ಅಂಗಡಿ ಮಾಲ್ಕಿನ್."