ಮೇಲಿನ ಬಾವಿಯ ನೀರು

ನೀರಿನ ಎರಡೂ ಬಾಟಲಿಗಳ ಮೇಲೆ ಕಿಟಕಿಯ ಬಿಸಿಲು ಒಂದೇ ಥರ ಬಿದ್ದಿದೆ, ಚೀಟಿ ಕಿತ್ತುಹಾಕಿದರೆ ಮೇಲಿನ ಬಾವಿಯದು ಯಾವುದು ಕೆಳಗಿನದು ಯಾವುದು ಎಂದು ಹೆತ್ತವಳಿಗೂ ಗೊತ್ತಾಗದ ಅವಳಿಗಳು — ನನಗೆ ಅನುಮಾನ ಹುಟ್ಟಿದ್ದೇ ಈ ಹೋಲಿಕೆಯಿಂದ. ಗಣಿಯ ಕೆಳಗಡೆಯ ಬಾವಿಯಲ್ಲಿ ಸಲ್ಫೇಟ್ ಏರುತ್ತದೆ, ಏರಲಿ, ಒಡೆದ ಕಲ್ಲಿನ ಮೇಲೆ ಮಳೆ ಬಿದ್ದು ಇಳಿದರೆ ಏರದೆ ಏನು, ಅದಕ್ಕೇ ತಾನೇ ಗುಡ್ಡದ ಮೇಲೆ ಇನ್ನೊಂದನ್ನು ಕೊರೆಸಿದ್ದು, ಗಣಿ ಮುಟ್ಟದ ನೀರು ಹೇಗಿರುತ್ತದೆಂದು ತೋರಿಸುವ ಹಿನ್ನೆಲೆ ಬಾವಿ, ಎರಡನ್ನೂ ಪಕ್ಕಪಕ್ಕ ಇಟ್ಟು ವ್ಯತ್ಯಾಸ ಹುಡುಕುವುದೇ ನನ್ನ ಕೆಲಸ. ಆದರೆ ಮೇಲಿನದೂ ಯಾಕೆ ಏರಬೇಕು, ಕೆಳಗಿನದರ ಬೆನ್ನಿಗೇ, ಹೆಜ್ಜೆಗೆ ಹೆಜ್ಜೆ ಸೇರಿಸಿ? ಉಪಕರಣ ತೊಳೆದೆ, ಮತ್ತೆ ನಡೆಸಿದೆ, ಅದೇ ಉತ್ತರ. ಉಪಕರಣ ಸುಳ್ಳು ಹೇಳುತ್ತಿಲ್ಲವಾದರೆ ಬಾಟಲಿ ಹೇಳುತ್ತಿರಬೇಕು, ಬಾಟಲಿ ಹೇಳುತ್ತಿದ್ದರೆ ಅದನ್ನು ತುಂಬಿದವರು — ತುಂಬಿ ತರುವವರು ಇವರು, ನನ್ನ ಗಂಡ, ನಾನು ಇವರನ್ನು ಮೊದಲು ನೋಡಿದ್ದೂ ಗಣಿಯ ಈ ಪ್ರಯೋಗಾಲಯದ ಬಾಗಿಲಲ್ಲೇ, ಬಾಟಲಿ ಪೆಟ್ಟಿಗೆ ಎದೆಗವಚಿಕೊಂಡು, ಮೊಣಕಾಲವರೆಗೆ ಕೆಸರು, ಒಳಗೆ ಬರಲಾ ಬೇಡ್ವಾ ಎಂದು ಕೇಳಿಕೊಂಡು. ಈಗ ಆ ಮೊಣಕಾಲು ಬಾತಿದೆ, ಮನೆಯ ನಾಲ್ಕು ಮೆಟ್ಟಿಲಿಗೇ ಗೋಡೆ ಹಿಡಿಯುವವರು ಆ ಗುಡ್ಡ ಹತ್ತುತ್ತಾರೆಯೇ, ಕೆಳಗಿನ ಬಾವಿಯಲ್ಲೇ ಎರಡನ್ನೂ ತುಂಬಿಸಿ ಚೀಟಿ ಮಾತ್ರ ಬೇರೆಬೇರೆ ಅಂಟಿಸುತ್ತಿದ್ದರೆ? ಹಿತ್ತಲ ನಲ್ಲಿಯ ಹತ್ತಿರ ಇವರ ಬೂಟು ನೋಡಿದೆ, ಗುಡ್ಡದ ಮಣ್ಣು ಕೆಂಪು, ಕೆಳಗಿನದು ಬೂದಿ, ಬೂಟು ತೊಳೆದಿಟ್ಟಿತ್ತು, ಯಾವತ್ತೂ ಇಲ್ಲದ್ದು ಅವತ್ತು ಯಾಕೆ ತೊಳೆದರು. ತೊಳೆಯದಿದ್ದ ದಿನ ಗೊಣಗಿದವಳೂ ನಾನೇ. ತಟ್ಟೆ ಮುಂದಿಡುತ್ತಾ ಮೇಲಿನ ಬಾವಿ ದಾರಿ ಹೇಗಿದೆ ರೀ ಅಂದೆ, ದಾರಿ ಎಲ್ಲಿಗೆ ಹೋಗುತ್ತೆ, ಇದ್ದಲ್ಲೇ ಇದೆ ಅಂದರು ತಲೆ ಎತ್ತದೆ. ತಲೆ ಯಾಕೆ ಎತ್ತಲಿಲ್ಲ? ಮುಂದಿನ ಸಲ ನಾನೂ ಬರ್ತೀನಿ, ಕೂತು ಕೂತು ಸೊಂಟ ಹಿಡ್ಕೊಂಡಿದೆ ಅಂದರೆ, ಬಾ ಅದಕ್ಕೇನಂತೆ ಅಂದುಬಿಟ್ಟರು, ಹಾಗೆ ಥಟ್ಟನೆ ಒಪ್ಪಿದ್ದೂ ನನಗೆ ನಾಟಕದಂತೆ ಕಂಡಿತು.

ನಿನ್ನೆ ಹೋದೆ. ಇವರು ಮುಂದೆ, ನಾನು ಹಿಂದೆ, ತಪ್ಪು ಹಿಡಿಯಲು ಹೊರಟ ಅಧಿಕಾರಿಯ ಹಾಗೆ, ದಾರಿ ಗೊತ್ತಿದೆಯೋ ಇಲ್ಲವೋ, ಕವಲಿನಲ್ಲಿ ತಡವರಿಸುತ್ತಾರೋ — ತಡವರಿಸಲಿಲ್ಲ, ಎಲ್ಲಿ ಕೂರಬೇಕು ಎಂಬುದೂ ಗೊತ್ತಿತ್ತು, ಒಂದು ಚಪ್ಪಟೆ ಕಲ್ಲು, ಅದರ ಮೇಲೆ ಕೂತು ಮಂಡಿ ಉಜ್ಜಿಕೊಂಡು ಎದ್ದರು. ಬಾವಿಯ ಕೊಳವೆಗೆ ಹಾಕಿದ ಬೀಗಕ್ಕೆ ಎಣ್ಣೆ ಬಿಟ್ಟಿದ್ದರು, ಬೀಗದ ಕೈ ಇಟ್ಟದ್ದೇ ತಡ ತೆರೆದುಕೊಂಡಿತು, ಪಂಪು ಇಳಿಸಿದರು, ನಿಂತ ನೀರೆಲ್ಲ ಹೋಗ್ಲಿ ತಡಿ, ಒಳಗಿಂದ ಹೊಸದು ಬರ್ಬೇಕು, ಆಮೇಲೆ ಹಿಡಿಯೋದು ಅಂದರು ನನಗೇ ಪಾಠ ಹೇಳುವಂತೆ, ಆಗ ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ನೀರಲ್ಲಿ ಕರಗಿದ ಲವಣ ಅಳೆಯುವ ಕೈಮೀಟರು ಅದ್ದಿದೆ, ಅಂಕೆ ಏರಿತು, ಏರಿ ಕೆಳಗಿನ ಬಾವಿಯ ಅಂಕೆಯ ಹತ್ತಿರ ಬಂದು ಕೂತಿತು. ಹಾಗಾದರೆ ಇವರಲ್ಲ. ಇವರು ಇಷ್ಟು ದಿನವೂ ಹತ್ತಿದ್ದರು. ಇವರಲ್ಲವಾದರೆ ನೀರು, ನೀರಾದರೆ ಎಲ್ಲಿಂದ — ಗುಡ್ಡದ ನೆತ್ತಿಯ ಏಣಿನ ಆಚೆ ಲಾರಿ ಹಿಮ್ಮುಖ ಬರುವ ಸದ್ದು, ಇಷ್ಟು ಮೇಲೆ ಲಾರಿಗೇನು ಕೆಲಸ, ಹತ್ತಿ ನೋಡಿದರೆ ಬೂದು ಕಲ್ಲಿನ ರಾಶಿ, ಬಾವಿಗಿಂತ ಎತ್ತರದಲ್ಲಿ, ಗಣಿಯಲ್ಲಿ ಬೇಡವೆಂದು ಬಿಸಾಡುವ ಕಲ್ಲು, ಅದರ ಬುಡದಿಂದ ತುಕ್ಕಿನ ಬಣ್ಣದ ಒಸರು ಈ ಕಡೆಗೇ ಇಳಿಯುತ್ತಿದೆ. ಅಲ್ಲಿಂದಲೇ ಕೆಳಗೆ ಕೂಗಿ ಕೇಳಿದೆ, ಈ ಕಲ್ಲು ಯಾವಾಗಿಂದ ರೀ? ಹೋದ ಮಳೆಗಾಲದಿಂದ ಸುರಿತಾ ಇದಾರಲ್ಲ, ಕೆಳಗೆ ಜಾಗ ಇಲ್ವಂತೆ, ನಿಮ್ಮ ಸಾಹೇಬ್ರೇ ನಿಂತು ಗುರುತು ಹಾಕಿಸಿದ್ರು, ನಿಂಗೆ ಹೇಳಿಲ್ವಾ? ಹೇಳಿಲ್ಲ. ಆಮೇಲೆ ಪಂಪಿನ ಹತ್ತಿರ — ಬೇಡ, ಅದು ಬೇಡ, ಈಗ ಅಂಕೆ ಮಾತ್ರ.

ಇವತ್ತು ಪ್ರಯೋಗಾಲಯದ ಬಾಗಿಲ ಹತ್ತಿರ ಬೂಟಿನ ಸದ್ದು, ಸಾಹೇಬರು, ಹೋದ ಮಳೆಗಾಲದಿಂದ ತಮ್ಮ ಕೋಣೆಗೆ ಮಾತ್ರ ಹೊರಗಿನ ನೀರಿನ ಕ್ಯಾನ್ ತರಿಸುವ ಸಾಹೇಬರು, ಗಂಟಲು ಸರಿ ಇಲ್ಲ ಅನ್ನುತ್ತಿದ್ದರು, ನಾವೂ ಪಾಪ ಅಂದುಕೊಂಡಿದ್ದೆವು. ಏನಮ್ಮಾ ಮುಗೀತಾ, ಎರಡು ಬಾವಿಗೂ ವ್ಯತ್ಯಾಸ ಇಲ್ಲ ಅಂತ ಒಂದು ಸಾಲು ಬರೆದುಬಿಡಿ, ವ್ಯತ್ಯಾಸ ಇಲ್ಲ ಅಂದ್ರೆ ಗಣಿಯಿಂದ ತೊಂದ್ರೆ ಇಲ್ಲ ಅಂತಾನೇ ಅಲ್ವಾ. ಮೇಲಿನದು ಈಗ ಹಿನ್ನೆಲೆ ಅಲ್ಲ ಸರ್, ಏಣಿನ ಆಚೆ ಕಲ್ಲು ಸುರಿದಿದ್ದಾರೆ, ಇದನ್ನ ಇಟ್ಕೊಂಡು ಹೋಲಿಸೋ ಹಾಗಿಲ್ಲ ಅಂದೆ. ಅವರು ಬಾಟಲಿ ಎತ್ತಿ ಬೆಳಕಿಗೆ ಹಿಡಿದರು, ಆತುರವಿಲ್ಲ, ಮುಖದಲ್ಲಿ ಕನಿಕರ ಕೂಡ ಇತ್ತು, ನಿಮ್ಮ ಯಜಮಾನ್ರು ತಂದಿದ್ದಲ್ವಾ ಇದು, ಅವರಿಗೆ ಮಂಡಿ ನೋವು ಬೇರೆ, ಪಾಪ, ಮೇಲೆ ಹತ್ತಿದ್ರು ಅಂತ ಏನು ಗ್ಯಾರಂಟಿ, ಯಾರಾದ್ರೂ ಕೇಳಿದ್ರೆ ಮೊದಲು ಬರೋದು ಅವರ ಮೇಲೇ ತಾನೇ. ನನ್ನದೇ ಅನುಮಾನ, ಅಕ್ಷರ ಅಕ್ಷರವೂ ನನ್ನದೇ, ಸಾಹೇಬರ ಬಾಯಿಂದ ಬಂದಾಗ ಎಷ್ಟು ನಾರುತ್ತದೆ. ನಾನೂ ಹತ್ತಿದ್ದೆ ಸರ್, ನನ್ನ ಮೀಟರು, ನನ್ನ ಕೈ, ಅವರು ಬೀಗ ತೆಗೆದಿದ್ದನ್ನ ನಿಂತು ನೋಡಿದೀನಿ. ಬಾಟಲಿಯನ್ನು ಮೆಲ್ಲನೆ ಇಟ್ಟರು, ಯೋಚನೆ ಮಾಡಿ ಅಂದರು, ಹೋದರು. ಯೋಚನೆ ಮಾಡಲಿಲ್ಲ, ಬರೆದೆ, ಈ ಬಾವಿಯನ್ನು ಹಿನ್ನೆಲೆಯೆಂದು ಪರಿಗಣಿಸಲು ಬರುವುದಿಲ್ಲ ಎಂದು, ಕೆಳಗೆ ಸಹಿ ಹಾಕಿ, ಗಣಿಯ ಕಚೇರಿಗೂ ಗಣಿಯ ಮೇಲೆ ಕಣ್ಣಿಡುವ ಇಲಾಖೆಗೂ ಒಟ್ಟಿಗೇ ಕಳಿಸಿದೆ, ಮುಂದೆ ಆಗುವುದು ಆಗಲಿ.

ಈಗ ಉಪಕರಣ ಗುಂಯ್ಗುಡುತ್ತಿದೆ, ಅಂಥ ಕಲ್ಲಿನಿಂದ ಸಲ್ಫೇಟ್ ಜೊತೆಗೇ ನೀರಿಗಿಳಿಯಬಹುದಾದ ವಿಷ, ಆರ್ಸೆನಿಕ್, ಎಷ್ಟಿದೆ ಎಂದು ಇನ್ನೂ ಹೇಳಿಲ್ಲ, ಇವರು ಆಸ್ಪತ್ರೆಯಲ್ಲಿ ಪರೀಕ್ಷೆಗೆ ರಕ್ತ ಕೊಡಲು ತೋಳು ಮಡಚಿಕೊಂಡು ಕೂತಿರಬಹುದು, ಬೆಳಗ್ಗೆ ನಾನೇ ಕಳಿಸಿದ್ದು, ಯಾಕೆಂದರೆ ನಿನ್ನೆ ನಾನು ಏಣಿನಿಂದ ಇಳಿದು ಬಂದಾಗ ಪಂಪು ಇನ್ನೂ ನೀರು ಉಗುಳುತ್ತಿತ್ತು, ಇವರು ಬಗ್ಗಿ ಅಂಗೈಯೊಡ್ಡಿ ಕುಡಿಯುತ್ತಿದ್ದರು, ಗಟಗಟ, ಕತ್ತು ಒದ್ದೆಯಾಗುವಂತೆ. ರೀ ಏನು ಮಾಡ್ತಿದೀರಾ ಅಂದೆ. ಪ್ರತಿ ಸಲಾನೂ ಕುಡಿತೀನಿ ಕಣೇ, ಅಷ್ಟು ಹತ್ತಿದ್ದಕ್ಕೆ ಇದೇ ಬಹುಮಾನ, ಗಣಿ ಮುಟ್ಟದ ನೀರು ಅಂತ ನೀನೇ ಹೇಳಿದ್ದಲ್ವಾ. ಹೋದ ಮಳೆಗಾಲದಿಂದ ಎಷ್ಟು ಸಲ ಎಂದು ಎಣಿಸತೊಡಗಿದೆ. ಮೀಟರು ನನ್ನ ಕೈಯಲ್ಲಿ, ಅಂಕೆ ಅಲ್ಲೇ, ಇವರು ಮತ್ತೆ ಬಗ್ಗಿ ಅಂಗೈ ತುಂಬಿಕೊಂಡು, ಚೆಲ್ಲದ ಹಾಗೆ ಇನ್ನೊಂದು ಕೈ ಕೆಳಗೆ ಕೊಟ್ಟು, ಕುಂಟುತ್ತಾ ನನ್ನ ಕಡೆಗೆ ಬಂದರು, ತಿಳಿ ನೀರು, ಎಷ್ಟು ತಿಳಿ ಎಂದರೆ ಅಂಗೈಯ ಗೆರೆಗಳೆಲ್ಲ ಕಾಣುತ್ತಿದ್ದವು, ತಗೋ ನೀನೂ ಕುಡಿ, ತಂಪಾಗಿದೆ — ಇಳಿಯುವಾಗ ಎಲ್ಲ ಹೇಳಿದೆ, ನೀನು ಕುಡಿಲಿಲ್ವಲ್ಲ ಎಂದಷ್ಟೇ ಕೇಳಿದರು, ಇಲ್ಲ ರೀ, ಕುಡಿಲಿಲ್ಲ — ಆ ಅಂಗೈ ನನ್ನ ತುಟಿಯ ಹತ್ತಿರ, ಬೆರಳ ಸಂದಿನಿಂದ ನೀರು ಸೋರುತ್ತಿದೆ, ತಗೋ, ಚೆಲ್ಲಿ ಹೋಗುತ್ತೆ ಅನ್ನುತ್ತಿದ್ದಾರೆ, ಆ ಅಂಗೈ, ಆ ತಿಳಿ ನೀರು, ಅದರ ತಳದಲ್ಲಿ ಗೆರೆಗಳು —